ಕೌದಿಗೆಲ್ಲಿಯ ಸೂತಕ?

ಶ್ರಾವಣ ಬಂತೆಂದರೆ ನಮ್ಮ ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಮಠಗಳಿಂದ ಕರಪತ್ರಗಳು ಬರತೊಡಗುತ್ತವೆ. ತಿಂಗಳ ಪ್ರವಚನ, ಕೊನೆಯ ದಿನ ಮೆರವಣಿಗೆ, ಆಮೇಲೆ ದಾಸೋಹ. ಸರಕಾರದ ಟೆಂಡರ್ ಕಾಗದಗಳನ್ನು ಓದಿ ಓದಿ ನನಗೊಂದು ಚಾಳಿ ಬಿದ್ದಿದೆ: ಯಾವ ಕಾಗದ ಕೈಗೆ ಬಂದರೂ ಮೊದಲ ಸಾಲಿನಿಂದ ಹಿಡಿದು ಕೆಳಗಿನ ಮುದ್ರಣಾಲಯದ ಹೆಸರಿನವರೆಗೂ ಬಿಡದೆ ಓದುತ್ತೇನೆ. ಹೋದ ವರ್ಷ ಮನೆಗೆ ಬಂದ ಐದು ಕರಪತ್ರಗಳನ್ನು ತೆಗೆದಿಟ್ಟಿದ್ದೇನೆ. ಐದರಲ್ಲಿಯೂ ನೆತ್ತಿಯ ಮೇಲೆ ಬಸವಣ್ಣನವರ ಭಾವಚಿತ್ರವಿದೆ. ನಾಲ್ಕರಲ್ಲಿ ಕೆಳಗೆ ಹೀಗೆ ಅಚ್ಚಾಗಿದೆ: “ಸುಮಂಗಲೆಯರಿಂದ ಕುಂಭೋತ್ಸವ”, “ಮುತ್ತೈದೆಯರಿಗೆ ಉಡಿ ತುಂಬುವ ಕಾರ್ಯಕ್ರಮ”.

ಈ ಎರಡು ಶಬ್ದಗಳನ್ನು ಬಿಡಿಸಿ ಹೇಳಿದರೆ ಅರ್ಥ ಇಷ್ಟೇ: ಗಂಡ ಬದುಕಿರುವ ಹೆಂಗಸರು ಮುಂದೆ ಬರಬೇಕು, ಉಳಿದವರು ಹಿಂದೆ ನಿಲ್ಲಬೇಕು. ಮೆರವಣಿಗೆ ಮಾಡುವುದು ಸೂತಕಗಳನ್ನೆಲ್ಲ ಅಲ್ಲಗಳೆದ ಬಸವಣ್ಣನವರ ಹೆಸರಿನಲ್ಲಿ, ಮೆರವಣಿಗೆಯಲ್ಲಿ ಯಾರು ಎಲ್ಲಿ ನಿಲ್ಲಬೇಕೆಂದು ಹೇಳುವುದು ಮಾತ್ರ ಅವರು ಬಿಟ್ಟು ಬಂದ ಕಟ್ಟಳೆ. ಇದನ್ನು ಬರೆದವರು ದುರುದ್ದೇಶದಿಂದ ಬರೆದಿದ್ದಾರೆಂದು ನಾನು ಹೇಳುವುದಿಲ್ಲ. ಹಿಂದಿನ ವರ್ಷದ ಕರಪತ್ರವನ್ನೇ ಮುದ್ರಣಾಲಯಕ್ಕೆ ಕೊಟ್ಟು ತಾರೀಖು ಬದಲಿಸಲು ಹೇಳಿರುತ್ತಾರೆ. ಆದರೆ ಆ ತಾರೀಖು ಬದಲಿಸುವ ಕೆಲಸ ಎಷ್ಟು ತಲೆಮಾರಿನಿಂದ ನಡೆದಿದೆ, ಯೋಚಿಸಿ.

ಇದು ನನಗೆ ಪುಸ್ತಕದಲ್ಲಿ ಓದಿದ ವಿಷಯವಲ್ಲ. ನಮ್ಮ ಮನೆಯಲ್ಲಿ ಈಗ ಸಂಗಾತಿಯನ್ನು ಕಳೆದುಕೊಂಡವರು ಇಬ್ಬರಿದ್ದೇವೆ, ನಾನು ಮತ್ತು ನನ್ನ ತಂಗಿ. ನನ್ನ ಮನೆಯವರು ಲಿಂಗೈಕ್ಯರಾಗಿ ಮೂರು ವರ್ಷವಾಯಿತು. ತಂಗಿಯ ಯಜಮಾನರು ಹೋದಾಗ ಆಕೆಗೆ ಮೂವತ್ತಾರು ವರ್ಷ, ಈಗ ಅರವತ್ತು. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿ, ಒಂದೇ ಗುರುವಿನಿಂದ ಲಿಂಗದೀಕ್ಷೆ ಪಡೆದ ಇಬ್ಬರಿಗೆ ಒಂದೇ ರೀತಿಯ ನಷ್ಟ ಆದಾಗ ನಮ್ಮ ಸಮಾಜ ಏನು ಕೊಟ್ಟಿತು ಎಂಬ ಲೆಕ್ಕ ನನ್ನ ಮನೆಯಲ್ಲೇ ಇದೆ.

ನನಗೆ ಬೀಗರು ಹೊಸ ಧೋತರ ಉಡಿಸಿದರು. ಹನ್ನೊಂದನೆಯ ದಿನ ಕಳೆಯುವುದರೊಳಗೆ ಹಿರಿಯರೊಬ್ಬರು ಪಕ್ಕಕ್ಕೆ ಕರೆದು, “ಸಾಹೇಬ್ರ, ಪಿಂಚಣಿ ಅದ, ಸ್ವಂತ ಮನಿ ಅದ. ರೊಟ್ಟಿ ಬಡಿಲಾಕ ಒಬ್ಬಾಕಿ ಬೇಕಲ್ರಿ, ನೋಡೂನೇನು?” ಎಂದು ಕೇಳಿದರು. ನನಗಾಗ ಅರವತ್ತನಾಲ್ಕು ವರ್ಷ. ಆಮೇಲೂ ಎರಡು ಕಡೆಯಿಂದ ಪ್ರಸ್ತಾಪ ಬಂತು. ಯಾವ ಮದುವೆ ಮನೆಯಲ್ಲಿಯೂ ನನ್ನನ್ನು ಯಾರೂ ಹಿಂದಕ್ಕೆ ಸರಿಸಲಿಲ್ಲ. ನೇರವಾಗಿ ವೇದಿಕೆಗೇ ಕರೆಯುತ್ತಾರೆ, ಅಕ್ಷತೆ ನನ್ನ ಕೈಯಿಂದಲೇ ಮೊದಲು ಬೀಳಬೇಕು ಎನ್ನುತ್ತಾರೆ.

ತಂಗಿಗೆ ಏನಾಯಿತು? ನಾನು ನಾರಾಯಣಪುರದ ಕಡೆ ಕಾಲುವೆ ಕೆಲಸದ ಮೇಲಿದ್ದವನು ಸುದ್ದಿ ತಿಳಿದು ಹೋಗುವಷ್ಟರಲ್ಲಿ ಸಮಾಧಿ ಕ್ರಿಯೆ ಮುಗಿದಿತ್ತು. ಬಳೆ ಒಡೆದಾಗಿತ್ತು, ತಾಳಿ, ಕಾಲುಂಗುರ ತೆಗೆದಾಗಿತ್ತು, ಹಣೆ ಒರೆಸಿಯಾಗಿತ್ತು. ಎರಡು ಸಣ್ಣ ಮಕ್ಕಳ ತಾಯಿಯನ್ನು ನಡುಮನೆಯ ಹಿಂದಿನ ಕತ್ತಲೆ ಕೋಣೆಯಲ್ಲಿ ಕೂರಿಸಿದ್ದರು. ಲಿಂಗವಂತರ ಮನೆಯಲ್ಲಿ ಇದೇನೆಂದು ನಾನು ಕೂಗಾಡಿದ್ದಕ್ಕೆ ಹಿರಿಯರು ಹೇಳಿದ ಮಾತು ಇನ್ನೂ ನೆನಪಿದೆ: “ನೀ ಇಂಜಿನಿಯರ ಇದ್ದಿ, ನಿನ್ನ ಲೆಕ್ಕ ಡ್ಯಾಮಿನಾಗ ಇಟ್ಕೋ.” ಆಕೆಯ ಮರುಮದುವೆಯ ಮಾತನ್ನು ನನ್ನ ಹೊರತು ಮತ್ತೊಬ್ಬರು ಎತ್ತಲಿಲ್ಲ. ಇದು ಸಂಪ್ರದಾಯವಲ್ಲ ಎನ್ನುವವರಿಗೆ ಒಂದು ಮಾತು. ಉಡಿಕೆ, ಸೀರುಡಿಕೆ ಎಂಬ ಹೆಸರಿನಲ್ಲಿ ವಿಧವೆಯರ ಮರುಮದುವೆ ನಮ್ಮವರಲ್ಲಿ ಹಳೆಯ ಪದ್ಧತಿ, ಬ್ರಿಟಿಷರ ಕಾಲದ ಗೆಜೆಟಿಯರುಗಳಲ್ಲೂ ಅದರ ದಾಖಲೆಯಿದೆ. ಆದರೆ ಅದೂ ರಾತ್ರಿ ಹೊತ್ತು, ಸದ್ದಿಲ್ಲದೆ, ಮುತ್ತೈದೆಯರ ಕಣ್ಣಿಗೆ ಬೀಳದಂತೆ. ನಾಲ್ಕಕ್ಷರ ಕಲಿತು ಮರ್ಯಾದಸ್ಥರಾದ ಮನೆತನಗಳು ಅಷ್ಟನ್ನೂ ಕೈಬಿಟ್ಟವು.

ಈಗ ಒಲೆಯ ಕಡೆ ಬರುತ್ತೇನೆ. ಇದು ಹೆಂಗಸರ ಪುಟದ ವಿಷಯವಲ್ಲವೇ, ಇದಕ್ಕೂ ಧರ್ಮಕ್ಕೂ ಏನು ಸಂಬಂಧ ಎನ್ನುವವರು ಸ್ವಲ್ಪ ತಾಳ್ಮೆಯಿಂದ ಕೂಡಬೇಕು.

ಮನೆಯವರು ಹೋದ ಎರಡು ತಿಂಗಳಿಗೆ ತಂಗಿ ನಮ್ಮ ಮನೆಗೆ ಬಂದಳು. ಆಕೆ ಬಂದದ್ದು ನನಗೆ ರೊಟ್ಟಿ ಬಡಿಯಲಿಕ್ಕಲ್ಲ ಎಂದು ಮೊದಲ ದಿನವೇ ಹೇಳಿದೆ. ಕೇಳಲಿಲ್ಲ. “ಯಣ್ಣಾ, ನೀ ಅಡಿಗಿಮನ್ಯಾಗ ಬಂದ್ರ ಮಂದಿ ನನಗ ಅಂತಾರ” ಎಂದಳು. ಮಂದಿ ಅನ್ನಲಿ ಎಂದು ಕೊಣಮಗಿಯ ಮುಂದೆ ಕೂತೆ. ಜೋಳದ ಹಿಟ್ಟು ಗೋದಿ ಹಿಟ್ಟಿನಂತಲ್ಲ, ಅದರಲ್ಲಿ ತಾನಾಗಿ ಹಿಡಿದುಕೊಳ್ಳುವ ಅಂಟಿಲ್ಲ. ಎಸರು ಚೆನ್ನಾಗಿ ಕುದಿದಿರಬೇಕು. ಆ ಕುದಿನೀರಿಗೆ ಹಿಟ್ಟು ಅರೆಬೆಂದು ಅಂಟು ಬಿಡುತ್ತದೆ, ಆಗ ನಾದಿದರೆ ಹದ. ಹಿಟ್ಟು ಹಳತಾಗಿ ಜಿಗಿ ಹೋಗಿದ್ದರೆ ಎಷ್ಟು ನಾದಿದರೂ ಅಂಚು ಸೀಳುತ್ತದೆ. ಹೊಸ ಮಾಲ್ದಂಡಿ ಜೋಳ ಬೀಸಿಸಿ ತಂದರೆ ಬಡಿದಂತೆ ಬಡಿದಂತೆ ಅಗಲವಾಗುತ್ತದೆ. ಮೂವತ್ತು ವರ್ಷ ಸಿಮೆಂಟಿಗೆ ನೀರೆಷ್ಟು ಎಂದು ಲೆಕ್ಕ ಹಾಕಿದವನಿಗೆ ಹಿಟ್ಟಿಗೆ ನೀರೆಷ್ಟು ಎಂದು ತಿಳಿಯಲು ನಾಲ್ಕು ತಿಂಗಳು ಹಿಡಿಯಿತು. ಮೊದಲ ವಾರದ ರೊಟ್ಟಿಗಳನ್ನು ಹಿತ್ತಲಿನ ಎಮ್ಮೆ ತಿಂದಿತು, ಅದೂ ಸಂತೋಷದಿಂದಲ್ಲ.

ನಮ್ಮ ಮನೆಯವರು ಕುಟ್ಟಿಸಿಟ್ಟ ಮಸಾಲಿ ಖಾರ ಅವರು ಹೋದ ಮೇಲೆ ಎಂಟು ತಿಂಗಳು ಬಂತು. ಡಬ್ಬಿ ತಳ ಕಂಡ ದಿನ ನಾನು ಅತ್ತಿದ್ದೇನೆ. ಅದರ ಮುಂದಿನ ಬೇಸಿಗೆಯಲ್ಲಿ ತಂಗಿಯೂ ನಾನೂ ಬ್ಯಾಡಗಿ, ಗುಂಟೂರು ಎರಡೂ ಮೆಣಸಿನಕಾಯಿ ತಂದು, ತೊಟ್ಟು ಮುರಿದು, ಬಿಸಿಲಿಗೆ ಹಾಕಿ, ಕೊತ್ತಂಬರಿ ಬೀಜ, ಒಣಕೊಬ್ಬರಿ, ಬೆಳ್ಳುಳ್ಳಿ ಹುರಿದು ಕುಟ್ಟಿಸಿದೆವು. ಅದೇ ಡಬ್ಬಿಯಲ್ಲಿ ತುಂಬಿದೆವು. ಅವರ ಖಾರದಷ್ಟು ಕೆಂಪಾಗಲಿಲ್ಲ. ಆದರೆ ಆ ದಿನ ಪುಂಡಿಪಲ್ಯಕ್ಕೆ ಜೋಳದ ನುಚ್ಚು ಹಾಕಿ ಕುದಿಸಿ, ಮೇಲೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು, ಮಗ, ಸೊಸೆ, ಮೊಮ್ಮಗ ಎಲ್ಲರೂ ನೆಲದ ಮೇಲೆ ಕೂತು ಉಂಡಾಗ ನನಗೆ ಸುಖವಾಯಿತು. ಈ ಶಬ್ದವನ್ನು ತಿಳಿದೇ ಬಳಸುತ್ತಿದ್ದೇನೆ. ದುಃಖ ಕಡಿಮೆಯಾಯಿತು ಎಂದು ಬರೆದಿದ್ದರೆ ಎಲ್ಲರೂ ಒಪ್ಪುತ್ತಿದ್ದರು. ಸುಖವಾಯಿತು ಎಂದರೆ ಹುಬ್ಬೇರಿಸುತ್ತಾರೆ.

ಕಾಲುವೆ ನೀರು ಬಂದು ನಮ್ಮ ಕರಿಮಣ್ಣಿನಲ್ಲಿ ಭತ್ತ ನಿಂತ ಮೇಲೆ ಮನೆಯಲ್ಲಿ ರೊಟ್ಟಿ ಬಡಿಯುವವರೇ ಕಡಿಮೆಯಾದರು. ನೀರು ತಂದವರಲ್ಲಿ ನಾನೂ ಒಬ್ಬ, ಅದಕ್ಕೆ ಹೆಮ್ಮೆಯಿದೆ, ಆದರೆ ಈ ಬದಲಾವಣೆಯನ್ನೂ ನೋಡಬೇಕು. ಈಗ ಖಡಕ್ ರೊಟ್ಟಿ ಅಂಗಡಿಯಿಂದ ಬರುತ್ತದೆ. ಆ ಅಂಗಡಿಗಳ ಹಿಂದಿನ ಒಲೆಯ ಮುಂದೆ ಕೂತವರು ಯಾರು? ಹೋಗಿ ನೋಡಿ. ಗಂಡನಿಲ್ಲದೆ ಮಕ್ಕಳನ್ನು ಸಾಕುವ ಹೆಂಗಸರೇ ಅಲ್ಲಿ ಸಾಲಾಗಿ ಕೂತಿರುತ್ತಾರೆ. ಮಠದ ಜಾತ್ರೆಯ ದಾಸೋಹಕ್ಕೂ ಅವರೇ. ಕೊಪ್ಪಳದ ಗವಿಮಠದ ಜಾತ್ರೆಯ ಮಹಾದಾಸೋಹಕ್ಕೆ ಊರೂರಿನಿಂದ ಚೀಲಗಟ್ಟಲೆ ರೊಟ್ಟಿ ಬರುತ್ತವೆ. ಲಕ್ಷಾಂತರ ಭಕ್ತರು ಪ್ರಸಾದವೆಂದು ಕಣ್ಣಿಗೊತ್ತಿಕೊಂಡು ಉಣ್ಣುತ್ತಾರೆ. ಈ ರೊಟ್ಟಿ ಬಡಿದ ಕೈಯಲ್ಲಿ ಹಸಿರು ಬಳೆ ಇತ್ತೋ ಇಲ್ಲವೋ ಎಂದು ಯಾರಾದರೂ ಕೇಳಿದ್ದುಂಟೇ? ಕೇಳಬಾರದು, ಕೇಳಿದರೆ ಅದು ಪ್ರಸಾದವಾಗಿ ಉಳಿಯುವುದಿಲ್ಲ. ಹಾಗಾದರೆ ಅದೇ ಕೈ ಅದೇ ಮಠದ ಅಂಗಳದಲ್ಲಿ ನೀರು ತುಂಬಿದ ಕೊಡ ಹಿಡಿದರೆ ಏನು ಕೆಡುತ್ತದೆ? ಹಸಿವಾದಾಗ ಬಾರದ ಸೂತಕ ಬ್ಯಾಂಡ್ ಬಾರಿಸುವಾಗ ಎಲ್ಲಿಂದ ಬರುತ್ತದೆ?

ಅಡುಗೆ ಮನೆಗೂ ಧರ್ಮಕ್ಕೂ ಏನು ಸಂಬಂಧ ಎಂದಿರಲ್ಲ. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ನಮ್ಮ ಪಕ್ಕದ ಲಿಂಗಸುಗೂರು ಸೀಮೆಯ ಅಮರೇಶ್ವರದವರು. ಗಂಡ ಅಕ್ಕಿ ಆಯ್ದು ತರುತ್ತಿದ್ದ, ಹೆಂಡತಿ ಬೇಯಿಸಿ ದಾಸೋಹ ಮಾಡುತ್ತಿದ್ದಳು. ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ತಂದಾಗ, ಇದು ನಮ್ಮದಲ್ಲ, ತಿರುಗಿ ಸುರಿದು ಬಾ ಎಂದು ಗಂಡನನ್ನೇ ತಿದ್ದಿದವಳು ಲಕ್ಕಮ್ಮ. ಕಲ್ಯಾಣದಲ್ಲಿ ಒಲೆಯ ಮುಂದಿನಿಂದಲೇ ಗುರುವಿನ ಮಾತು ಬಂತು. ಕೈಗೆ ಹಿಟ್ಟು ಹತ್ತಿದರೆ ಗಂಡಸುತನ ಕಡಿಮೆಯಾಗುತ್ತದೆಂಬ ನಮ್ಮವರು ಯಾವ ಕಲ್ಯಾಣದಿಂದ ಬಂದರೋ ನನಗೆ ತಿಳಿಯದು.

ಇನ್ನು ಕೌದಿ. ಮನೆಯವರ ಟ್ರಂಕಿನಲ್ಲಿ ಉಟ್ಟು ಮೆತ್ತಗಾದ ಹನ್ನೊಂದು ಸೀರೆಗಳಿದ್ದವು. ನಾಲ್ಕು ಇಳಕಲ್, ಉಳಿದವು ದಿನಬಳಕೆಯ ನೂಲಿನವು. ಸತ್ತವರ ಬಟ್ಟೆ ಮನೆಯಲ್ಲಿ ಇಟ್ಟುಕೊಳ್ಳಬಾರದು, ಯಾರಿಗಾದರೂ ಕೊಡಬೇಕು, ಇಲ್ಲವೇ ಸುಡಬೇಕು, ಹೊಳೆಗೆ ಬಿಡಬೇಕು ಎಂದು ಬಂದವರೆಲ್ಲ ಹೇಳಿದರು. ಯಾಕೆ ಎಂದು ಕೇಳಿದರೆ ಉತ್ತರವಿಲ್ಲ, “ಹಂಗ ಅದ” ಎನ್ನುತ್ತಾರೆ. ತಂಗಿ ಮಾತ್ರ, “ವೈನಿ ಸೀರಿ ಹೊಳಿಗಿ ಯಾಕ ಬಿಡ್ತಿ? ಕೌದಿ ಹೊಲಿಯೂನು” ಎಂದಳು.

ನಮ್ಮ ಕಡೆ ಕೌದಿ ಇಲ್ಲದ ಮನೆ ಇಲ್ಲ. ಆದರೆ ಅದು ಹೇಗೆ ನಿಲ್ಲುತ್ತದೆ ಎಂದು ಗಂಡಸರು ಯೋಚಿಸಿರುವುದಿಲ್ಲ. ಹಳೆಯ ಸೀರೆ ಧೋತರಗಳನ್ನು ನಾಲ್ಕೈದು ಪದರು ನೆಲದ ಮೇಲೆ ಹಾಸಿ, ಸುಕ್ಕಿಲ್ಲದಂತೆ ಎಳೆದು, ಮೂಲೆಗೆ ಕಲ್ಲು ಇಡಬೇಕು. ಮೇಲೆ ಚೌಕ, ಮೂರುಮೂಲೆ ತುಂಡುಗಳನ್ನು ಬಣ್ಣ ನೋಡಿ ಕೂಡಿಸಬೇಕು. ಅಂಚಿನಿಂದ ಹೊಲಿಗೆ ಹಿಡಿದು ಸುತ್ತುತ್ತಾ ಸುತ್ತುತ್ತಾ ಒಳಗೆ ಬರಬೇಕು. ಹೊಲಿಗೆ ಹತ್ತಿರ ಹತ್ತಿರ ಬಿದ್ದರೆ ಪದರುಗಳೆಲ್ಲ ಕೂಡಿ ಒಂದೇ ಬಟ್ಟೆಯಂತೆ ಭಾರ ಹೊರುತ್ತವೆ. ದೂರ ದೂರ ಹಾಕಿದರೆ ಮೊದಲ ಒಗೆತಕ್ಕೇ ಒಳಪದರು ಸರಿದು ಒಂದು ಕಡೆ ಮುದ್ದೆಯಾಗುತ್ತದೆ. ಪ್ರತಿ ವರ್ಷ ಮಹಾನವಮಿಗೆ ಮುಂಚೆ ಹಾಸಿಗೆಗಳನ್ನೆಲ್ಲ ಹಳ್ಳಕ್ಕೊಯ್ದು ಕಲ್ಲಿಗೆ ಬಡಿದರೂ ಒಂದು ಒಳ್ಳೆಯ ಕೌದಿ ಮೊಮ್ಮಕ್ಕಳ ಕಾಲದವರೆಗೆ ಬಾಳುವುದು ಈ ಕಾರಣಕ್ಕೆ. ಯಾವ ತುಂಡಿಗೂ ಸ್ವಂತ ಬಲವಿಲ್ಲ, ಬಲವೆಲ್ಲ ದಾರದಲ್ಲಿದೆ. ನಾನು ಸ್ಕೇಲು ಇಟ್ಟು ಗುರುತು ಹಾಕಿ ಹೊಲಿಯಲು ಹೊರಟಾಗ ತಂಗಿ ನಕ್ಕು ನಕ್ಕು, “ಯಣ್ಣಾ, ನಿನ್ನ ಹೊಲಿಗಿ ಕೆನಾಲ್ ಹೋದಂಗ ಹೊಂಟಾದ” ಎಂದಳು. ಇಪ್ಪತ್ತು ವರ್ಷದ ಮೇಲೆ ಆಕೆ ಬಾಯಿ ತುಂಬ ನಕ್ಕಿದ್ದು ಅವತ್ತು ಕೇಳಿದೆ.

ಒಬ್ಬಿಬ್ಬರು ನೆರೆಯವರು ಬಂದು ಕೂತರು, ಆಮೇಲೆ ಆರು ಜನವಾದರು. ಮಧ್ಯಾಹ್ನ ಊಟವಾದ ಮೇಲೆ ನಮ್ಮ ಪಡಸಾಲೆಯಲ್ಲಿ ಸೂಜಿ ದಾರದ ಕೆಲಸ. ಆರರಲ್ಲಿ ನಾಲ್ವರು ಗಂಡನಿಲ್ಲದವರು. ಮಾತು, ಹಾಡು, ನಗು. ಓಣಿಯ ಒಬ್ಬ ಮಹಾಶಯರು ಇದಕ್ಕೆ “ಮುಂಡೇರ ಸಂತಿ” ಎಂದು ಹೆಸರಿಟ್ಟರು. ಅವರ ಮನೆಯ ಬಾಗಿಲ ಮೇಲೆ ಬಸವಣ್ಣನವರ ದೊಡ್ಡ ಪಟವಿದೆ. ಹೆಂಗಸರು ನಕ್ಕರೆ ಅದರಲ್ಲೂ ಗಂಡ ಸತ್ತವರು ನಕ್ಕರೆ ಇವರಿಗೆ ಏನೋ ಕಳವಾದಂತಾಗುತ್ತದೆ. ಅತ್ತರೆ ಎಷ್ಟು ದಿನ ಬೇಕಾದರೂ ನೋಡುತ್ತಾರೆ.

ಅಂಥವರಿಗೆ ನೆನಪಿಗಿರಲಿ, ಕಲ್ಯಾಣದ ಶರಣರ ಸಾಲಿನಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರರಿದ್ದಾರೆ. ಸೂಜಿಯೇ ಅವರ ಹೆಸರು. ಕದಿರ ರೆಮ್ಮವ್ವೆ ನೂಲುವ ಕದಿರನ್ನೇ ತನ್ನ ಅನುಭಾವದ ಮಾತಾಗಿಸಿದಾಕೆ. ಕಾಶ್ಮೀರದಿಂದ ಬಂದಳೆಂದು ಐತಿಹ್ಯ ಹೇಳುವ ಶರಣೆಗೆ ಬೊಂತಾದೇವಿ ಎಂಬ ಹೆಸರು ಬಂದದ್ದು ಬೊಂತೆಯಿಂದ, ಅಂದರೆ ಚಿಂದಿ ಕೂಡಿಸಿ ಹೊಲಿದ ಹೊದಿಕೆಯಿಂದ, ನಮ್ಮ ಕೌದಿಯ ಅಕ್ಕನೆಂದೇ ತಿಳಿಯಿರಿ. ಇಷ್ಟು ದೂರ ಯಾಕೆ, ನಮ್ಮ ಸುರಪುರ ಸೀಮೆಯ ಮುದನೂರಿನ ದಾಸಿಮಯ್ಯನವರು ಮಗ್ಗದ ಮೇಲೆ ಕೂತ ನೇಕಾರರು. ಹೆಂಡತಿ ದುಗ್ಗಳೆಯೂ ವಚನ ಬರೆದವರು. ಹೆಣ್ಣು ಗಂಡೆಂಬ ಗುರುತು ದೇಹಕ್ಕೆ ಮಾತ್ರ, ಒಳಗಿನ ಚೈತನ್ಯಕ್ಕಲ್ಲ ಎಂಬ ಮಾತನ್ನು ಬಸವಣ್ಣನವರಿಗಿಂತ ಮುಂಚೆಯೇ ಆಡಿದವರು ನಮ್ಮ ಮಣ್ಣಿನವರು. ಮುದನೂರಿಗೆ ಬಸ್ಸಿನಲ್ಲಿ ಹೋಗಿ ಕೈಮುಗಿದು ಬರುತ್ತೇವೆ. ಬಂದು ಮನೆಯಲ್ಲಿ ಸೀರೆಯ ತುಂಡಿಗೂ ಮಡಿ ಮೈಲಿಗೆ ಹುಡುಕುತ್ತೇವೆ.

ಹುಡುಕಿದ್ದನ್ನು ನಾನು ಕಣ್ಣಾರೆ ಕಂಡೆ. ಹೋದ ವರ್ಷ ಮೊಮ್ಮಗಳು ಹುಟ್ಟಿದಳು. ತೊಟ್ಟಿಲ ಕಾರ್ಯಕ್ಕೆಂದು ತಂಗಿ ಮೂರು ವಾರ ಕೂತು ಒಂದು ಸಣ್ಣ ಕೌದಿ ಹೊಲಿದಳು. ಮೇಲೆ ನಮ್ಮ ಮನೆಯವರ ಹಸಿರು ಇಳಕಲ್ ಸೀರೆಯ ತುಂಡುಗಳು, ಸುತ್ತ ಅದರದೇ ದಡಿ. ಒಂದು ಬದಿಯ ಹೊಲಿಗೆ ನನ್ನದು. ಮುದಿವಸ್ತ್ರದ ಮೆತ್ತನೆಯಲ್ಲಿ ಕೂಸು ಮಲಗಲಿ ಎಂಬುದು ಎಲ್ಲ ಅಜ್ಜಿಯರ ಆಸೆ. ಈ ಕೂಸಿನ ಅಜ್ಜಿಗೆ ಬದುಕಿನಲ್ಲಿ ಆಗದಿದ್ದದ್ದು ಹೀಗಾದರೂ ಆಗುತ್ತದೆ ಎಂದು ನಾವಿದ್ದೆವು.

ತೊಟ್ಟಿಲು ಶೃಂಗರಿಸಿ ಕೌದಿ ಹಾಸುವಷ್ಟರಲ್ಲಿ ಬಂಧುಗಳಲ್ಲಿ ಹಿರಿಯಳೊಬ್ಬಳು ತಡೆದಳು. ಸತ್ತವರ ಸೀರೆ ಕೂಸಿನ ಮೈಗೆ ತಾಗಬಾರದು. ಅದನ್ನು ಹೊಲಿದಾಕೆಯೂ ಇಲ್ಲಿ ನಿಲ್ಲಬಾರದು, ಒಳಗೆ ಹೋಗಲಿ, ಐದು ಜನ ಮುತ್ತೈದೆಯರು ಮುಂದೆ ಬರಲಿ. ತಂಗಿ ಒಂದು ಮಾತಾಡದೆ ಒಳಗೆ ಹೋದಳು. ಇಪ್ಪತ್ನಾಲ್ಕು ವರ್ಷದ ರೂಢಿ, ಹೆಜ್ಜೆ ತಾನಾಗಿ ಹಿಂದಕ್ಕೆ ಬೀಳುತ್ತದೆ. ಅದೇ ಹೊತ್ತಿಗೆ ನನ್ನನ್ನು, ಆಕೆಯಂತೆಯೇ ಸಂಗಾತಿಯಿಲ್ಲದವನನ್ನು, “ಮುತ್ಯಾ ಮುಂದ ಬರ್ರಿ, ಕೂಸಿಗಿ ಆಶೀರ್ವಾದ ಮಾಡ್ರಿ” ಎಂದು ಕೈಹಿಡಿದು ತೊಟ್ಟಿಲ ಪಕ್ಕ ನಿಲ್ಲಿಸಿದರು.

ನಾನು ಬಾಯಿ ತೆರೆಯುವ ಮುಂಚೆ ಮಾತಾಡಿದ್ದು ನಮ್ಮ ಸೊಸೆ. ಕೂಸನ್ನು ಎದೆಗವಚಿಕೊಂಡು ಕೂತಲ್ಲಿಂದಲೇ, “ಅತ್ಯಾ ಹೊರಗ ಬರೂತನಕ ಕೂಸಿನ್ನ ತೊಟ್ಟಿಲಿಗಿ ಹಾಕೂದಿಲ್ಲ. ಕೌದಿ ತೆಗೆದ್ರ ತೊಟ್ಟಿಲೇ ಬ್ಯಾಡ” ಎಂದಳು. ಬಾಣಂತಿಯ ಮಾತಿಗೆ ಎದುರು ಹೇಳಲು ಯಾರಿಗೂ ಆಗಲಿಲ್ಲ. ಮೂವರು ಮುತ್ತೈದೆಯರು ಎದ್ದು ಹೋದರು. ತಂಗಿಯನ್ನು ಹೊರಗೆ ಕರೆತರುವುದು ಅದಕ್ಕಿಂತ ಕಷ್ಟವಾಯಿತು. “ನನಗ ಬ್ಯಾಡ, ಕೂಸಿಗಿ ಏನರ ಆದ್ರ ನನ್ನ ಮ್ಯಾಲ ಬರ್ತದ” ಎಂದು ಅಡುಗೆ ಮನೆಯ ಬಾಗಿಲು ಹಿಡಿದು ನಿಂತಿದ್ದಳು. ಕೊನೆಗೆ ಬಂದಳು. ಕುಂಕುಮ ಹಚ್ಚಿಸಿಕೊಳ್ಳಲಿಲ್ಲ. ಹಣೆಗೆ ವಿಭೂತಿ ಧರಿಸಿ, ಕೂಸಿನ ಹಣೆಗೂ ಧರಿಸಿ, ತೊಟ್ಟಿಲಿಗೆ ಹಾಕಿದಳು. ಎದ್ದು ಹೋದ ಮೂವರಲ್ಲಿ ಇಬ್ಬರು ಇನ್ನೂ ನಮ್ಮ ಮನೆಗೆ ಬಂದಿಲ್ಲ. ಮಗಳ ಮದುವೆಯ ಆಮಂತ್ರಣವನ್ನು ಬೇರೆಯವರ ಕೈಯಲ್ಲಿ ಕಳಿಸಿದರು. ಇದಕ್ಕೆ ನನಗೆ ಬೇಸರವಿದೆ, ಹತ್ತಿರದ ನೆಂಟರು.

ಆದರೆ ಬೇಸರ ಬೇರೆ, ನ್ಯಾಯ ಬೇರೆ. ಜಾತಿ, ಜನನ, ಮರಣ, ರಜಸ್ಸು, ಎಂಜಲು, ಈ ಐದೂ ಸೂತಕ ಲಿಂಗವಂತರಿಗಿಲ್ಲ ಎಂಬುದನ್ನು ಪ್ರವಚನಗಳಲ್ಲಿ ಎಷ್ಟು ಸಲ ಕೇಳಿಲ್ಲ! ನಮ್ಮ ಮನೆಯಲ್ಲಿ ಆ ದಿನ ಒಂದೇ ಕೌದಿಯ ಮೇಲೆ ಮರಣದ ಸೂತಕವನ್ನು ಎರಡು ಸಲ ಹೊರಿಸಲಾಯಿತು. ಒಮ್ಮೆ ಬಟ್ಟೆಯ ಮೇಲೆ, ಒಮ್ಮೆ ಹೊಲಿದ ಕೈಯ ಮೇಲೆ. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಸತ್ತರು ಎನ್ನುವುದಿಲ್ಲ, ಲಿಂಗೈಕ್ಯರಾದರು ಎನ್ನುತ್ತೇವೆ. ಲಿಂಗದಲ್ಲಿ ಒಂದಾದವರ ಸೀರೆ ಅಪವಿತ್ರವಾಗುವುದು ಯಾವ ಲೆಕ್ಕದಲ್ಲಿ?

ಇನ್ನೊಂದು ಮಾತನ್ನು ನೇರವಾಗಿ ಕೇಳುತ್ತೇನೆ. ಗಂಡ ಹೋದ ದಿನ ತಾಳಿ ತೆಗೆಯುತ್ತೀರಿ. ಇಷ್ಟಲಿಂಗ ತೆಗೆಯುತ್ತೀರಾ? ತೆಗೆಯುವುದಿಲ್ಲ, ತೆಗೆಯಲಾಗದು. ತಾಳಿ ಗಂಡ ಕಟ್ಟಿದ್ದು, ಇಷ್ಟಲಿಂಗ ಗುರು ಕೊಟ್ಟದ್ದು. ಅದು ಆಕೆಯೊಂದಿಗೆ ಸಮಾಧಿಗೇ ಹೋಗುತ್ತದೆ. ಹಾಗಾದರೆ ಲಿಂಗವಂತಳಾದ ಹೆಣ್ಣಿನ ಮಂಗಳ ಎಲ್ಲಿದೆ? ಯಾರ ಸಾವಿನಿಂದಲೂ ಕದಲದ ಇಷ್ಟಲಿಂಗದಲ್ಲಿದೆಯೋ, ಗಂಡನ ಉಸಿರು ನಿಂತರೆ ಬಿಚ್ಚಿಹೋಗುವ ಕರಿಮಣಿಯಲ್ಲಿದೆಯೋ? ಎರಡನೆಯದು ಎನ್ನುವುದಾದರೆ ದೀಕ್ಷೆ ಯಾಕೆ ಕೊಡಿಸುತ್ತೀರಿ? ಶರಣಸತಿ ಲಿಂಗಪತಿ ಎಂಬ ಭಾವ ನಮ್ಮ ಧರ್ಮದ ಬೇರು. ಭಕ್ತ ಗಂಡಾಗಿರಲಿ ಹೆಣ್ಣಾಗಿರಲಿ, ಲಿಂಗಕ್ಕೆ ಸತಿ. ಆ ಪತಿಗೆ ಸಾವಿಲ್ಲ. ಈ ಲೆಕ್ಕದಲ್ಲಿ ನಾನು, ನನ್ನ ತಂಗಿ, ಎದ್ದು ಹೋದ ಆ ಮೂವರು ತಾಯಂದಿರು, ಎಲ್ಲರೂ ಮುತ್ತೈದೆಯರೇ. ಇಲ್ಲವೆಂದಾದರೆ ತಂಗಿಗೆ ಮಾಡಿದ್ದನ್ನು ನನಗೂ ಮಾಡಬೇಕಿತ್ತು, ಕತ್ತಲೆ ಕೋಣೆಯಲ್ಲಿ ಕೂರಿಸಬೇಕಿತ್ತು.

2017ರಲ್ಲಿ ಬೀದರಿನಲ್ಲಿ, ಬೆಳಗಾವಿಯಲ್ಲಿ, ಕಲಬುರಗಿಯಲ್ಲಿ ಲಕ್ಷ ಲಕ್ಷ ಜನ ಕೂಡಿ ಲಿಂಗಾಯತ ಸ್ವತಂತ್ರ ಧರ್ಮ ಎಂದು ಘೋಷಿಸಿದೆವು. 2018ರ ಮಾರ್ಚಿನಲ್ಲಿ ರಾಜ್ಯ ಸರಕಾರ ಕೇಂದ್ರಕ್ಕೆ ಶಿಫಾರಸು ಮಾಡುವ ತೀರ್ಮಾನವನ್ನೂ ಕೈಗೊಂಡಿತು. ಕಲಬುರಗಿಯ ಸಮಾವೇಶದಲ್ಲಿ ಬಿಸಿಲಲ್ಲಿ ಕೂತವರಲ್ಲಿ ನಾನೂ ಒಬ್ಬ. ಆ ಬೇಡಿಕೆ ನ್ಯಾಯವಾದದ್ದು, ಈಗಲೂ ಹಾಗೆಯೇ ನಂಬಿದ್ದೇನೆ. ಆದರೆ ದೆಹಲಿಯಿಂದ ಬರಬೇಕಾದ ಕಾಗದಕ್ಕೆ ಕಾಯುತ್ತಿರುವ ನಾವು, ಯಾರ ಸಹಿಯೂ ಬೇಡದ ಕೆಲಸವನ್ನು ಯಾಕೆ ಮಾಡಿಲ್ಲ? ನಿಮ್ಮದು ಬೇರೆ ಧರ್ಮವೆಂಬುದಕ್ಕೆ ಮನೆಯಲ್ಲಿ ಏನು ಗುರುತಿದೆ ಎಂದು ಯಾರಾದರೂ ಕೇಳಿದರೆ ಒಡೆದ ಬಳೆಯ ಚೂರು ತೋರಿಸುವುದೇ?

ಗಡಿಯಾಚೆ ನೋಡಿ. ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿನಲ್ಲಿ ಹೇರವಾಡ ಎಂಬ ಊರಿದೆ. ಅಲ್ಲಿಯ ಗ್ರಾಮ ಪಂಚಾಯಿತಿ 2022ರ ಮೇ 4ರಂದು ಒಂದು ಠರಾವು ಮಾಡಿತು. ಗಂಡ ತೀರಿದಾಗ ಹೆಂಗಸಿನ ಬಳೆ ಒಡೆಯುವುದು, ಕುಂಕುಮ ಒರೆಸುವುದು, ಮಂಗಳಸೂತ್ರ, ಕಾಲುಂಗುರ ತೆಗೆಯುವುದು ಊರಲ್ಲಿ ಬಂದ್. ಅದೇ ತಿಂಗಳು ಮಹಾರಾಷ್ಟ್ರ ಸರಕಾರ ಇದನ್ನು ಮಾದರಿಯಾಗಿಟ್ಟುಕೊಳ್ಳಿರೆಂದು ರಾಜ್ಯದ ಎಲ್ಲ ಪಂಚಾಯಿತಿಗಳಿಗೆ ಸುತ್ತೋಲೆ ಕಳಿಸಿತು. ಅದು ಮಠವಲ್ಲ, ಅನುಭವ ಮಂಟಪದ ವಾರಸುದಾರರೂ ಅವರಲ್ಲ. ಗಟಾರು, ದೀಪ, ನಳದ ನೀರು ನೋಡಿಕೊಳ್ಳುವ ಪಂಚಾಯಿತಿ. ಅದು ಮಾಡಿದ ಕೆಲಸ ಬಸವಣ್ಣನವರ ಹೆಸರು 900 ವರ್ಷ ಜಪಿಸಿದ ನಮ್ಮಿಂದ ಆಗುವುದಿಲ್ಲವೇ?

ಇದಕ್ಕೆ ಬರುವ ಉತ್ತರಗಳು ನನಗೆ ಗೊತ್ತಿವೆ. ಹೆಂಗಸರಿಗೆ ಹೆಂಗಸರೇ ಮಾಡುತ್ತಾರೆ, ಗಂಡಸರು ನಾವೇನು ಮಾಡೋಣ ಎನ್ನುತ್ತಾರೆ. ಕರಪತ್ರ ಬರೆಯುವವರು ಗಂಡಸರು, ಅಚ್ಚು ಹಾಕಿಸುವವರು ಗಂಡಸರು, ಮೈಕಿನಲ್ಲಿ “ಸುಮಂಗಲೆಯರು ಮುಂದೆ ಬರಬೇಕು” ಎಂದು ಕೂಗುವವರು ಗಂಡಸರು. ಆ ಕೂಗನ್ನು ಕೇಳಿ ಬೆಳೆದ ಹೆಂಗಸು ಮನೆಯಲ್ಲಿ ಅದನ್ನೇ ಹೇಳುತ್ತಾಳೆ. ಸ್ವತಃ ಅವರೇ ಹಿಂದೆ ಸರಿಯುತ್ತಾರೆ, ಒತ್ತಾಯವಿಲ್ಲ ಎನ್ನುತ್ತಾರೆ. ನನ್ನ ತಂಗಿ ಬಾಗಿಲು ಹಿಡಿದು ನಿಂತದ್ದನ್ನು ಬರೆದಿದ್ದೇನೆ. ಕೂಸಿಗೆ ಜ್ವರ ಬಂದರೂ ತನ್ನ ನೆರಳೇ ಕಾರಣವೆಂದು ಎಣಿಸುವಂತೆ ಒಬ್ಬ ಹೆಣ್ಣುಮಗಳನ್ನು ಇಪ್ಪತ್ನಾಲ್ಕು ವರ್ಷ ತಿದ್ದಿ ತೀಡಿದ ಮೇಲೆ ಒತ್ತಾಯದ ಅವಶ್ಯಕತೆ ಎಲ್ಲಿ ಉಳಿಯಿತು? ಇನ್ನು ಕೆಲವರು ಇನ್ನೂ ಮೆತ್ತಗೆ ಹೇಳುತ್ತಾರೆ, ಸಂಗಾತಿಯ ನೆನಪಿಗಾದರೂ ಸ್ವಲ್ಪ ಗಂಭೀರವಾಗಿರಬೇಕಲ್ಲ, ಅಡುಗೆ, ಹೊಲಿಗೆ, ಹಾಡು ಎಂದು ಸಂಭ್ರಮ ಪಡುವುದೇ ಎಂದು. ನಾನು ನಮ್ಮ ಮನೆಯವರೊಂದಿಗೆ ಮೂವತ್ತೆಂಟು ವರ್ಷ ಬಾಳಿದವನು. ಅವರ ನೆನಪು ನನಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. ಅವರ ಸೀರೆಯ ದಡಿಯನ್ನು ಸೂಜಿಯಿಂದ ಚುಚ್ಚಿ ಎಳೆಯುವಾಗ ಎಷ್ಟು ಸಲ ಕಣ್ಣು ಮಂಜಾಗಿದೆಯೋ ಅಷ್ಟೇ ಸಲ ನಕ್ಕಿದ್ದೇನೆ. ಎರಡೂ ಒಂದೇ ಹೊಲಿಗೆಯಲ್ಲಿ ಇರುತ್ತವೆ ಎಂಬುದು ಹೊಲಿದವರಿಗೆ ಗೊತ್ತು.

ಆದ್ದರಿಂದ ಪೂಜ್ಯರಲ್ಲಿ, ಮಠಗಳ ಕಮಿಟಿಯವರಲ್ಲಿ ಕೇಳುವುದಿದೆ. ಕರಪತ್ರದಲ್ಲಿ “ಸುಮಂಗಲೆಯರು”, “ಮುತ್ತೈದೆಯರು” ಎಂದಿರುವ ಕಡೆಯೆಲ್ಲ “ಶರಣೆಯರು” ಎಂದು ಬರೆಸಿ. ಒಂದೇ ಶಬ್ದ, ಖರ್ಚಿಲ್ಲ. ಈ ವರ್ಷದ್ದು ಆಗಲೇ ಅಚ್ಚಾಗಿದ್ದರೆ ತಿದ್ದಿದ ಪ್ರತಿಯ ಮುದ್ರಣದ ಹಣ ನನ್ನ ಪಿಂಚಣಿಯಿಂದ ಕೊಡುತ್ತೇನೆ, ಮೂರು ತಾಲೂಕಿನ ಯಾವ ಮಠವಾದರೂ ಸರಿ. ಉಡಿ ತುಂಬುವುದಾದರೆ ಬಂದ ಎಲ್ಲ ತಾಯಂದಿರಿಗೂ ತುಂಬಿ, ಇಲ್ಲವಾದರೆ ಆ ಕಾರ್ಯಕ್ರಮವನ್ನೇ ಬಿಡಿ. ಮನೆಯಲ್ಲಿ ಸಾವಾದಾಗ ಕ್ರಿಯಾ ಸಮಾಧಿಗೆ ಬರುವ ಜಂಗಮರು ಮೊದಲು ಒಳಗೆ ಹೋಗಿ, ಈ ಮನೆಯಲ್ಲಿ ಬಳೆ ಒಡೆಯುವುದಿಲ್ಲ ಎಂದು ಹೇಳಿ ಆಮೇಲೆ ವಿಭೂತಿ ಮುಟ್ಟಲಿ. ಅಯ್ಯನವರ ಬಾಯಿಂದ ಬಂದ ಮಾತನ್ನು ಆ ಹೊತ್ತಿನಲ್ಲಿ ಯಾವ ಮುದುಕಿಯೂ ಮೀರುವುದಿಲ್ಲ. ಇದನ್ನು ನಮ್ಮ ಊರ ಜಂಗಮರೊಬ್ಬರಿಗೆ ಹೇಳಿದಾಗ, “ಕಮಿಟಿಯವರು ಒಪ್ಪಿದ್ರ ನಂದೇನೂ ಅಡ್ಡಿಲ್ರಿ” ಎಂದರು. ಕಮಿಟಿಯವರನ್ನು ಕೇಳಿದಾಗ, “ಅಯ್ಯನವರು ಹೇಳ್ಬೇಕು” ಎಂದರು. ನೀರಾವರಿ ಇಲಾಖೆಯಲ್ಲಿ ಫೈಲು ಹೀಗೆಯೇ ತಿರುಗುತ್ತಿತ್ತು.

ಕಡೆಯದು ಗಂಡು ಹುಡುಗರ ಬಗ್ಗೆ. ಮಠಗಳ ಪ್ರಸಾದ ನಿಲಯಗಳಲ್ಲಿ ನಮ್ಮ ರೈತರ ಮಕ್ಕಳು ನೂರಾರು ಜನ ಓದುತ್ತಾರೆ. ವಚನ ಕಂಠಪಾಠ ಮಾಡಿಸುತ್ತೀರಿ, ಒಳ್ಳೆಯದು. ವಾರಕ್ಕೊಂದು ದಿನ ರೊಟ್ಟಿ ಬಡಿಯಲು, ಹರಿದ ಹಾಸಿಗೆಗೆ ತೇಪೆ ಹಾಕಲು ಕಲಿಸಿ. ನಾಳೆ ಹೆಂಡತಿ ಹೋದ ಹನ್ನೊಂದನೆಯ ದಿನಕ್ಕೆ ರೊಟ್ಟಿಗಾಗಿ ಮತ್ತೊಬ್ಬಳನ್ನು ಹುಡುಕುವ ಗತಿ ಅವರಿಗೆ ಬರುವುದಿಲ್ಲ. ಕಲಿಸಲು ಜನ ಬೇಕೆಂದರೆ ಸೋಮವಾರ ಬಿಟ್ಟು ಯಾವ ದಿನವಾದರೂ ನಾನೂ ತಂಗಿಯೂ ಬರುತ್ತೇವೆ. ಸೋಮವಾರ ನಮ್ಮ ಪಡಸಾಲೆಯಲ್ಲಿ ಕೌದಿಯ ಕೆಲಸ ಇರುತ್ತದೆ. ಕೊಣಮಗಿ, ಹಂಚು ಮಠದಲ್ಲಿರುತ್ತವೆ, ಹೊಸ ಮಾಲ್ದಂಡಿಯ ಹಿಟ್ಟು ನಾವು ತರುತ್ತೇವೆ.